ಪಾಸ್‌ವರ್ಡ್ ಕೇಳದೇನೇ ಲ್ಯಾಪ್‌ಟಾಪ್ ರಿಪೇರಿ ಮಾಡಿಕೊಟ್ಟ ಅಂಗಡಿ

ಕೀಬೋರ್ಡ್ ಬದಲಾಯಿಸೋಕೆ ಕೊಟ್ಟಿದ್ದೆ. ಎರಡು ದಿನ ಅಂದಿದ್ರು ನಾಲ್ಕು ದಿನ ಆಯ್ತು, ದುಡ್ಡು 3,400 ಆಯ್ತು, ಕೆಲಸ ಚೆನ್ನಾಗಿದೆ, ಕೀಗಳೆಲ್ಲ ಮೊದಲಿನ ಹಾಗೇ ಒತ್ತಕ್ಕೆ ಬರ್ತಿವೆ. ಆದ್ರೆ ನಾನು ಇಷ್ಟುದ್ದ ಬರೀತಿರೋದು ಕೀಬೋರ್ಡ್ ಬಗ್ಗೆ ಅಲ್ಲ. ಕೌಂಟರ್ ಮೇಲೆ ಲ್ಯಾಪ್‌ಟಾಪ್ ಇಟ್ಟ ತಕ್ಷಣ ಈ ಅಂಗಡಿ ಓನರ್ ಕೇಳಿದ್ದು "ಪಾಸ್‌ವರ್ಡ್ ಏನು ಮೇಡಂ" ಅಂತ ಅಲ್ಲ, "ಈ ಮಾಡೆಲ್‌ನಲ್ಲಿ ಎಸ್‌ಎಸ್‌ಡಿ ಬಿಚ್ಚಕ್ಕೆ ಬರತ್ತೆ, ತೆಗೆದು ಕೊಟ್ಬಿಡ್ತೀನಿ, ಮನೇಲಿ ಇಟ್ಕೊಂಡಿರಿ, ಕೀಬೋರ್ಡ್ ಹಾಕೋಕೆ ನಂಗೆ ಅದು ಬೇಕಾಗಲ್ಲ" ಅಂತ. (ಎಸ್‌ಎಸ್‌ಡಿ ಅಂದ್ರೆ ನಮ್ಮ ಫೈಲ್‌ಗಳೆಲ್ಲ ಇರೋ ಡಿಸ್ಕ್.) ಹನ್ನೊಂದು ವರ್ಷದಿಂದ ಮೈಸೂರಲ್ಲಿ ಎಷ್ಟೋ ಕಡೆ ಕಂಪ್ಯೂಟರ್ ರಿಪೇರಿಗೆ ಕೊಟ್ಟಿದೀನಿ, ಯಾರೂ ಅವರಾಗೇ ಹೀಗೆ ಹೇಳಿದ್ದಿಲ್ಲ.

ನಾನು ಮನೇಲೇ ಕೂತು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡ್ಕೊಡ್ತೀನಿ. ನಮ್ಮ ಬೀದಿಯವರು, ಅವರ ನೆಂಟರು, ಅಪ್ಪನ ಜೊತೆ ಕೆಲಸ ಮಾಡಿದ ರಿಟೈರ್ಡ್ ಮೇಷ್ಟ್ರುಗಳು, ಎಲ್ಲ ಸೇರಿ ಎಪ್ಪತ್ತು ಜನ ಇದಾರೆ. ಅವರ ಪ್ಯಾನ್, ಆಧಾರ್, ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟು, ಪೆನ್ಷನ್ ಸ್ಲಿಪ್ಪು, ಇನ್ಶೂರೆನ್ಸ್ ರಸೀದಿ ಎಲ್ಲ ಈ ಒಂದು ಲ್ಯಾಪ್‌ಟಾಪಲ್ಲಿದೆ. ಕೆಲವರ ಆಸ್ಪತ್ರೆ ಬಿಲ್ಲೂ ಇದೆ, ಡಿಡಕ್ಷನ್ ತೋರಿಸೋಕೆ ಕೊಟ್ಟಿದ್ದು, ಯಾರಿಗೆ ಯಾವ ಕಾಯಿಲೆ ಅಂತ ಅವರ ಮಕ್ಕಳಿಗೇ ಹೇಳಿರಲ್ಲ ನಂಗೆ ಗೊತ್ತಿರತ್ತೆ. ಅವರೆಲ್ಲ ನನ್ನ ಮುಖ ನೋಡಿ ಕೊಟ್ಟಿರೋದು, ನಾನು ಲ್ಯಾಪ್‌ಟಾಪ್ ಯಾರ ಕೈಗೆ ಕೊಡ್ತೀನೋ ಅವರ ಮುಖ ನೋಡಿ ಅಲ್ಲ. ಹಾಗಾಗಿ ಕಾಫಿ ಚೆಲ್ಲಿ ಎ, ಎಸ್, ಎಂಟರ್ ಮೂರೂ ಕೀ ಸತ್ತಾಗ ನಂಗೆ ಮೊದಲು ಭಯ ಆಗಿದ್ದು ಖರ್ಚಿಗಲ್ಲ, ಮತ್ತೆ ರಿಪೇರಿಗೆ ಕೊಡಬೇಕಲ್ಲ ಅನ್ನೋದಕ್ಕೆ.

ಆ ಭಯಕ್ಕೆ ಕಾರಣ ಇದೆ. ಮೂರು ವರ್ಷದ ಹಿಂದೆ ಬೇರೆ ಒಂದು ಕಡೆ, ಹೆಸರು ಬೇಡ, ಫ್ಯಾನ್ ಶಬ್ದ ಮಾಡ್ತಿದೆ ಅಂತ ಇದಕ್ಕಿಂತ ಹಳೇ ಲ್ಯಾಪ್‌ಟಾಪ್ ಕೊಟ್ಟಿದ್ದೆ. ಅಲ್ಲಿನ ಹುಡುಗ ಪಾಸ್‌ವರ್ಡ್ ಕೇಳಿದ, ನಾನೂ ಹೇಳ್ದೆ, ಅವನು ಅದನ್ನ ಚೀಟಿ ಮೇಲೆ ಬರೆದು ನನ್ನ ಹೆಸರು ಫೋನ್ ನಂಬರ್ ಸಮೇತ ಲ್ಯಾಪ್‌ಟಾಪ್ ಮೇಲೇ ಟೇಪ್ ಹಾಕಿ ಅಂಟಿಸಿ ಇನ್ನೂ ಹತ್ತು ಲ್ಯಾಪ್‌ಟಾಪ್ ಜೊತೆ ಕಪಾಟಲ್ಲಿಟ್ಟ. ಎರಡು ದಿನ ಬಿಟ್ಟು ತಂದೆ. ಮನೇಲಿ ಎಕ್ಸೆಲ್ ತೆಗೆದ್ರೆ ರೀಸೆಂಟ್ ಲಿಸ್ಟಲ್ಲಿ ಮೇಲುಗಡೆನೇ ಒಬ್ರು ಕ್ಲೈಂಟ್ ಫೈಲ್ ಇದೆ, ಓಪನ್ ಆಗಿರೋದು ಮಂಗಳವಾರ ಸಂಜೆ. ಮಂಗಳವಾರ ಪೂರ್ತಿ ಲ್ಯಾಪ್‌ಟಾಪ್ ಅಂಗಡೀಲಿತ್ತು. ಆಮೇಲೆ ನೋಡಿದ್ರೆ ಫೋಟೋ ಫೋಲ್ಡರಲ್ಲೂ ತಂಗಿ ಸೀಮಂತದ ಫೋಟೋಗಳು ರೀಸೆಂಟಲ್ಲಿವೆ. ಫೋನ್ ಮಾಡಿ ಕೇಳಿದ್ರೆ "ಸ್ಪೀಡ್ ಚೆಕ್ ಮಾಡೋಕೆ ಓಪನ್ ಮಾಡಿರ್ಬೇಕು ಮೇಡಂ" ಅಂದ್ರು. ಫ್ಯಾನ್ ಧೂಳು ಹೊಡೆಯೋಕೆ ಸೀಮಂತದ ಫೋಟೋ ಯಾಕೆ ಓಪನ್ ಮಾಡಬೇಕು? ಅವರು ಏನಾದ್ರೂ ಕಾಪಿ ಮಾಡ್ಕೊಂಡ್ರಾ, ಬರೀ ನೋಡಿ ಬಿಟ್ರಾ, ಇವತ್ತಿಗೂ ಗೊತ್ತಿಲ್ಲ, ಆ ಗೊತ್ತಿಲ್ಲದೇ ಇರೋದೇ ಹಿಂಸೆ. ಎಪ್ಪತ್ತು ಜನರಿಗೂ ಫೋನ್ ಮಾಡಿ ಹೀಗಾಗಿದೆ ಅಂತ ಹೇಳಿ, ಒಬ್ಬೊಬ್ಬರದೂ ಒಟಿಪಿ ಕೇಳಿ ಟ್ಯಾಕ್ಸ್ ಪೋರ್ಟಲ್ ಪಾಸ್‌ವರ್ಡ್ ಬದಲಾಯಿಸೋಕೆ ಒಂಬತ್ತು ದಿನ ಹಿಡೀತು. ಇಬ್ರು ಆಮೇಲೆ ನನ್ನ ಹತ್ರ ಬರಲಿಲ್ಲ, ನಾನು ಅವರನ್ನ ತಪ್ಪು ಅನ್ನಲ್ಲ.

ಇದು ನನ್ನೊಬ್ಬಳ ಅನುಮಾನ ಅಂತ ಅನ್ಕೊಂಡಿದ್ದೆ, ಆದ್ರೆ ಕೆನಡಾದ ಗ್ವೆಲ್ಫ್ ಯೂನಿವರ್ಸಿಟಿಯವರು ಇದನ್ನೇ ಪರೀಕ್ಷೆ ಮಾಡಿ 2022ರಲ್ಲಿ ವರದಿ ಕೊಟ್ಟಿದಾರೆ. ಲ್ಯಾಪ್‌ಟಾಪ್ ಒಳಗೆ ಯಾರು ಏನು ಓಪನ್ ಮಾಡ್ತಾರೆ ಅಂತ ಬರೆದಿಟ್ಟುಕೊಳ್ಳೋ ಹಾಗೆ ಸೆಟ್ ಮಾಡಿ, ಸಣ್ಣದೊಂದು ಸೌಂಡ್ ತೊಂದರೆ ಅವರೇ ಸೃಷ್ಟಿಸಿ, 16 ಅಂಗಡಿಗೆ ರಿಪೇರಿಗೆ ಕೊಟ್ರು. 12 ಕಡೆಯದ್ದು ದಾಖಲೆ ಸಿಕ್ತು, ಅದರಲ್ಲಿ 6 ಕಡೆ ಟೆಕ್ನಿಷಿಯನ್ ಖಾಸಗಿ ಫೈಲ್ ತೆಗೆದು ನೋಡಿದ್ದ, 2 ಕಡೆ ಕಾಪಿನೂ ಮಾಡ್ಕೊಂಡಿದ್ರು. ಹೆಂಗಸರ ಲ್ಯಾಪ್‌ಟಾಪ್ ಅಂತ ಕಂಡ ಕಡೆ ಇಣುಕೋದು ಜಾಸ್ತಿ. ಹಾಂಗ್‌ಕಾಂಗ್ ನಟ ಎಡಿಸನ್ ಚೆನ್ ಕಥೆ 2008ರದ್ದು, ಅದೂ ರಿಪೇರಿಗೆ ಕೊಟ್ಟ ಲ್ಯಾಪ್‌ಟಾಪಿಂದಾನೇ ಫೋಟೋಗಳು ಹೊರಗೆ ಬಂದಿದ್ದು, ಟೆಕ್ನಿಷಿಯನ್‌ಗೆ ಜೈಲೂ ಆಯ್ತು, ಆದ್ರೆ ಹೊರಗೆ ಬಂದ ಫೋಟೋ ವಾಪಸ್ ಒಳಗೆ ಹೋಗಲಿಲ್ಲ.

ಅದಕ್ಕೇ ಈ ಸಲ ಅಂಗಡಿಗೆ ಹೋಗೋಕೆ ಮುಂಚೆ ಒಂದು ಇಡೀ ಭಾನುವಾರ ಕೂತು ತಯಾರಿ ಮಾಡ್ಕೊಂಡೆ (ಹೊರಗಿನ ಕೀಬೋರ್ಡ್ ಒಂದು ಪಕ್ಕದ ಮನೆಯಿಂದ ತಂದು ಯುಎಸ್‌ಬಿಗೆ ಚುಚ್ಚಿ), ಅದನ್ನ ಬರೀತೀನಿ, ಯಾರಿಗಾದ್ರೂ ಉಪಯೋಗಕ್ಕೆ ಬರಲಿ.

ಮೊದಲು ಬ್ಯಾಕಪ್. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಎಲ್ಲ ಕಾಪಿ ಹಾಕಿ, ಅಲ್ಲಿಗೇ ಬಿಡದೆ, ಅದನ್ನ ತಮ್ಮನ ಕಂಪ್ಯೂಟರ್‌ಗೆ ಹಾಕಿ ನಾಲ್ಕೈದು ಫೈಲ್ ಓಪನ್ ಆಗತ್ತಾ ಅಂತ ನೋಡಿದೆ. ಕಾಪಿ ಆಗಿದೆ ಅಂತ ತೋರಿಸಿ ಓಪನ್ ಮಾಡಿದ್ರೆ ಏನೂ ಇಲ್ಲದೇ ಇರೋದು ನಂಗೆ ಒಂದ್ಸಲ ಆಗಿದೆ. ರಿಪೇರಿ ಅಂಗಡಿಯವರು ಕೆಟ್ಟವರಾಗಿರಬೇಕು ಅಂತೇನಿಲ್ಲ, "ವಿಂಡೋಸ್ ಹೊಸದಾಗಿ ಹಾಕ್ಬಿಟ್ವಿ" ಅಂತ ಒಳ್ಳೇ ಮನಸ್ಸಿಂದಾನೇ ಎಲ್ಲ ಅಳಿಸಿಬಿಡ್ತಾರೆ, ಅದೂ ನಷ್ಟಾನೇ.

ಆಮೇಲೆ ವಿಂಡೋಸ್ ಪಾಸ್‌ವರ್ಡ್ ವಿಷಯ. ನಮ್ಮಲ್ಲಿ ತುಂಬಾ ಜನ, ನಾನೂ ಸೇರಿ, ಪಾಸ್‌ವರ್ಡ್ ಇದೆ ಅಂದ್ರೆ ಫೈಲ್‌ಗಳು ಭದ್ರ ಅಂತ ತಿಳ್ಕೊಂಡಿರ್ತೀವಿ. ಆ ಪಾಸ್‌ವರ್ಡ್ ಮನೆ ಮುಂಬಾಗಿಲಿಗೆ ಹಾಕಿದ ಚಿಲಕ ಅಷ್ಟೇ, ಹಿತ್ತಿಲು ತೆರೆದೇ ಇರತ್ತೆ. ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಸಿಸ್ಟಮ್) ಇರೋ ಪೆನ್‌ಡ್ರೈವ್ ಹಾಕಿ ಆನ್ ಮಾಡಿದ್ರೆ, ಇಲ್ಲಾಂದ್ರೆ ಎಸ್‌ಎಸ್‌ಡಿ ಬಿಚ್ಚಿ ಇನ್ನೊಂದು ಕಂಪ್ಯೂಟರ್‌ಗೆ ಸಿಕ್ಕಿಸಿದ್ರೆ ಪಾಸ್‌ವರ್ಡ್ ಇಲ್ಲದೇನೇ ಎಲ್ಲ ಫೋಲ್ಡರ್ ಕಾಣಿಸತ್ತೆ. ಹಿತ್ತಿಲಿಗೂ ಬೀಗ ಬೇಕು ಅಂದ್ರೆ ಡ್ರೈವ್ ಎನ್‌ಕ್ರಿಪ್ಟ್ ಆಗಿರಬೇಕು, ಅಂದ್ರೆ ಕೀ ಇಲ್ಲದೇ ಯಾರೂ ಓದಕ್ಕಾಗದ ಹಾಗಿರಬೇಕು. ವಿಂಡೋಸ್ ಪ್ರೋ ಇದ್ರೆ ಬಿಟ್‌ಲಾಕರ್ ಅಂತ ಇರತ್ತೆ, ಹೋಮ್ ಇದ್ರೆ ಎಷ್ಟೋ ಲ್ಯಾಪ್‌ಟಾಪಲ್ಲಿ ಸೆಟ್ಟಿಂಗ್ಸ್ ಒಳಗೆ ಡಿವೈಸ್ ಎನ್‌ಕ್ರಿಪ್ಷನ್ ಅಂತ ಸಿಗತ್ತೆ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿಂದ ಸೈನ್ ಇನ್ ಆಗಿದ್ರೆ ತಾನಾಗೇ ಆನ್ ಆಗಿರೋದೂ ಉಂಟು. ಇದಕ್ಕೆ 48 ಅಂಕಿಯ ರಿಕವರಿ ಕೀ ಇರತ್ತೆ. ಆ ಕೀ ನಿಮ್ಮ ಹತ್ರ ಇಲ್ಲದೇ ಮದರ್‌ಬೋರ್ಡ್ ಬದಲಾದ್ರೆ ಕಳ್ಳನ ಜೊತೆ ನೀವೂ ಹೊರಗೇ ನಿಲ್ಲಬೇಕಾಗತ್ತೆ, ಯಾರೂ ತೆಗೆದುಕೊಡೋಕೆ ಆಗಲ್ಲ. ನಾನು ಮೈಕ್ರೋಸಾಫ್ಟ್ ಅಕೌಂಟ್ ಪೇಜಿಂದ ಅದನ್ನ ಪ್ರಿಂಟ್ ತೆಗೆದು ಬೀರುನಲ್ಲಿ ಎಲ್‌ಐಸಿ ಬಾಂಡ್‌ಗಳ ಜೊತೆ ಇಟ್ಟೆ. ಎನ್‌ಕ್ರಿಪ್ಷನ್‌ನ ಲ್ಯಾಪ್‌ಟಾಪ್ ಚೆನ್ನಾಗಿದ್ದಾಗಲೇ ಆನ್ ಮಾಡಿಟ್ಕೋಬೇಕು, ಲ್ಯಾಪ್‌ಟಾಪ್ ಪೂರ್ತಿ ಸತ್ತು ಆನೇ ಆಗ್ತಿಲ್ಲ ಅಂದಾಗ ಏನೂ ಮಾಡಕ್ಕಾಗಲ್ಲ.

ಡಿಲೀಟ್ ಮಾಡಿದ್ರೆ ಸಾಕು ಅನ್ನೋರಿಗೆ ಒಂದು ಮಾತು. ಹಳೇ ಥರದ ಹಾರ್ಡ್ ಡಿಸ್ಕಲ್ಲಿ ಡಿಲೀಟ್ ಅಂದ್ರೆ ರಿಜಿಸ್ಟರಲ್ಲಿ ಹೆಸರು ಹೊಡೆದು ಹಾಕಿದ ಹಾಗೆ, ಆಸಾಮಿ ಇನ್ನೂ ಮನೇಲೇ ಇರ್ತಾನೆ. ರಿಸೈಕಲ್ ಬಿನ್ ಖಾಲಿ ಮಾಡಿದ್ರೂ ಅಷ್ಟೇ, ರೆಕುವಾ, ಫೋಟೋರೆಕ್ ಥರದ ಫ್ರೀ ಸಾಫ್ಟ್‌ವೇರ್ ಹಾಕಿದ್ರೆ ಎಷ್ಟೋ ಫೈಲ್ ವಾಪಸ್ ಬರತ್ತೆ, ನಮ್ಮ ಹಳೇ ಡೆಸ್ಕ್‌ಟಾಪಲ್ಲಿ ನಾನೇ ಮಾಡಿ ನೋಡಿದೀನಿ, ಅಪ್ಪ ಯಾವಾಗಲೋ ಅಳಿಸಿದ್ದ ಅರ್ಜಿ ಪತ್ರಗಳು ಬಂದ್ವು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅಂತ, ಅಳಿಸಿದ ಜಾಗನ ಡಿಸ್ಕೇ ಖಾಲಿ ಮಾಡೋ ವ್ಯವಸ್ಥೆ ಇರೋದ್ರಿಂದ ವಾಪಸ್ ತರೋದು ಕಷ್ಟ, ಆದ್ರೆ ಅದನ್ನ ನಂಬ್ಕೊಂಡು ಎಪ್ಪತ್ತು ಜನರ ಪ್ಯಾನ್ ಬಿಟ್ಟು ಬರೋಕಾಗಲ್ಲ.

ನಮ್ಮ ಕಸುಬಿನವರಿಗೆ ಇದು ಮುಖ್ಯ. ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತ ಸಮಾಧಾನ ಮಾಡ್ಕೋತೀವಿ. ಇ-ಆಧಾರ್ ಪಿಡಿಎಫ್ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಕ್ಯಾಪಿಟಲ್ ಅಕ್ಷರ ಮತ್ತೆ ಹುಟ್ಟಿದ ವರ್ಷ. ಎಐಎಸ್ (ನಮ್ಮ ವರ್ಷದ ಆದಾಯದ ಬಗ್ಗೆ ಟ್ಯಾಕ್ಸ್ ಇಲಾಖೆ ಕೊಡೋ ಪಟ್ಟಿ) ಪಿಡಿಎಫ್‌ಗೆ ಪ್ಯಾನ್ ನಂಬರ್ ಸಣ್ಣಕ್ಷರದಲ್ಲಿ ಮತ್ತೆ ಹುಟ್ಟಿದ ತಾರೀಖು. ನಾವೇ ಫೋಲ್ಡರ್‌ಗೆ ಕ್ಲೈಂಟ್ ಹೆಸರಿಟ್ಟು ಒಳಗಡೆ ಪ್ಯಾನ್ ಕಾರ್ಡ್ ಫೋಟೋನೂ ಇಟ್ಟಿರ್ತೀವಿ, ಅದರ ಮೇಲೆ ಹುಟ್ಟಿದ ತಾರೀಖೂ ಇರತ್ತೆ, ಇನ್ನು ಆ ಪಾಸ್‌ವರ್ಡ್ ಯಾರನ್ನ ತಡೆಯತ್ತೆ? ಇದಕ್ಕಿಂತ ದೊಡ್ಡ ತಪ್ಪು ನಂದೇ ಇತ್ತು, ಎಲ್ಲರ ಪೋರ್ಟಲ್ ಪಾಸ್‌ವರ್ಡ್ ಒಂದೇ ಎಕ್ಸೆಲ್ ಶೀಟಲ್ಲಿ ಡೆಸ್ಕ್‌ಟಾಪ್ ಮೇಲೇ ಇಟ್ಟಿದ್ದೆ. ಈಗ ಕೀಪಾಸ್ ಅನ್ನೋ, ಪಾಸ್‌ವರ್ಡ್‌ಗಳನ್ನ ಬೀಗ ಹಾಕಿಡೋ ಸಾಫ್ಟ್‌ವೇರ್‌ಗೆ ಹಾಕಿದೀನಿ, ಒಂದು ಸಂಜೆ ಕೆಲಸ ಅಷ್ಟೇ, ಮೂರು ವರ್ಷ ಮುಂಚೆನೇ ಮಾಡಬೇಕಿತ್ತು. ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಯುಎಸ್‌ಬಿಯಲ್ಲೇ ಸಿಕ್ಕಿಸಿಕೊಂಡು ಅಂಗಡಿಗೆ ಹೋಗೋರನ್ನ ನಾನು ನೋಡಿದೀನಿ, ದಯವಿಟ್ಟು ಅದನ್ನ ಮೊದಲು ತೆಗೆದಿಡಿ, ಅದು ನಿಮ್ಮ ಸಹಿ.

ಬ್ರೌಸರ್ ಮರೀಬೇಡಿ. ಲ್ಯಾಪ್‌ಟಾಪ್ ಲಾಗಿನ್ ಕೊಟ್ರಿ ಅಂದ್ರೆ ಜೀಮೇಲ್ ಓಪನ್ ಇರತ್ತೆ, ಕ್ರೋಮಲ್ಲಿ ಸೇವ್ ಮಾಡಿದ ಪಾಸ್‌ವರ್ಡ್ ತಾನಾಗೇ ತುಂಬ್ಕೊಳತ್ತೆ, ಅದನ್ನ ಕಣ್ಣಿಗೆ ಕಾಣೋ ಹಾಗೆ ತೋರಿಸು ಅಂದ್ರೆ ಕೇಳೋದು ನೀವು ಆಗಲೇ ಚೀಟಿ ಮೇಲೆ ಬರ್ಕೊಟ್ಟ ಅದೇ ವಿಂಡೋಸ್ ಪಾಸ್‌ವರ್ಡು. ವಾಟ್ಸಾಪ್ ಡೆಸ್ಕ್‌ಟಾಪ್ ಆನ್ ಇದ್ರೆ ನೀವು ಮನೇಲಿ ಫೋನಿಂದ ಕಳಿಸೋ ಮೆಸೇಜ್ ಅಂಗಡೀಲಿ ಕಾಣಿಸತ್ತೆ. ನಾನು ಫೋನಲ್ಲಿ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಲ್ಯಾಪ್‌ಟಾಪ್ ತೆಗೆದುಹಾಕಿದೆ, ಗೂಗಲ್ ಅಕೌಂಟ್ ಸೆಕ್ಯೂರಿಟಿ ಪೇಜಲ್ಲಿ ಡಿವೈಸ್ ಲಿಸ್ಟಿಂದ ಸೈನ್ ಔಟ್ ಮಾಡಿದೆ, ಒನ್‌ಡ್ರೈವ್ ಅನ್‌ಲಿಂಕ್ ಮಾಡಿದೆ. ಲ್ಯಾಪ್‌ಟಾಪ್ ಆಗಲೇ ಕೊಟ್ಟುಬಿಟ್ಟಿದ್ರೂ ವಾಟ್ಸಾಪ್, ಗೂಗಲ್ ಎರಡರ ಸೈನ್ ಔಟನ್ನೂ ಫೋನಿಂದಾನೇ ಮಾಡಬಹುದು, ಅದು ನಂಗೆ ಮೂರು ವರ್ಷದ ಹಿಂದೆ ಗೊತ್ತಿರಲಿಲ್ಲ.

ಇಷ್ಟೆಲ್ಲ ಮಾಡ್ಕೊಂಡು ಅಂಗಡಿಗೆ ಹೋದ್ರೆ ಓನರ್ ಎಸ್‌ಎಸ್‌ಡಿ ತೆಗೆದುಕೊಡ್ತೀನಿ ಅಂದಿದ್ದು. ನನ್ನ ಎದುರಿಗೇ ಕೌಂಟರ್ ಮೇಲೆ ಹಿಂದಿನ ಸ್ಕ್ರೂಗಳನ್ನ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ತೆಗೆದು, ಆಮೇಲೆ ಎಸ್‌ಎಸ್‌ಡಿ. ಒಂದೇ ಒಂದು ಸ್ಕ್ರೂ ಅದಕ್ಕೆ, ಬಿಚ್ಚಿದ ಕೂಡಲೇ ಒಂದು ಕಡೆ ಮೇಲೆದ್ದು ನಿಲ್ಲತ್ತೆ. ನಡುಬೆರಳಿನಷ್ಟುದ್ದ ಇದೆ, ನನ್ನ ಹನ್ನೊಂದು ವರ್ಷದ ಕೆಲಸ ಎಲ್ಲ ಅಷ್ಟರಲ್ಲಿದೆ ಅಂತ ಅವತ್ತೇ ಕಣ್ಣಾರೆ ನೋಡಿದ್ದು. ಆ್ಯಂಟಿ ಸ್ಟ್ಯಾಟಿಕ್ ಕವರಲ್ಲಿ ಹಾಕಿ, ಅದರ ಮೇಲಿನ ಸೀರಿಯಲ್ ನಂಬರ್ ನನ್ನ ಕೈಲೇ ಫೋಟೋ ತೆಗೆಸಿ, ಸ್ಕ್ರೂನ ಪ್ರತ್ಯೇಕ ಚಿಕ್ಕ ಪೊಟ್ಟಣ ಕಟ್ಟಿ ಕೊಟ್ರು. ಐದು ನಿಮಿಷ ಆಗಿರಬಹುದು. ಹಾಗಾದ್ರೆ ಕೀಬೋರ್ಡ್ ಹಾಕಿದ್ಮೇಲೆ ಟೆಸ್ಟ್ ಹೇಗೆ ಮಾಡ್ತೀರಾ ಅಂದೆ. "ನಮ್ಮ ಹತ್ರ ಟೆಸ್ಟಿಂಗ್‌ಗೆ ಅಂತಾನೇ ವಿಂಡೋಸ್ ಹಾಕಿರೋ ಎಸ್‌ಎಸ್‌ಡಿ ಇದೆ ಮೇಡಂ, ಕೀಬೋರ್ಡ್ ಸ್ಕ್ರೀನ್ ಹಿಂಜ್ ಬ್ಯಾಟರಿ ಫ್ಯಾನ್ ಯಾವುದಕ್ಕೂ ಕಸ್ಟಮರ್ ಡೇಟಾ ಬೇಕಾಗಲ್ಲ, ನಮಗೂ ಒಳ್ಳೇದೇ, ನಾಳೆ ಯಾರಾದ್ರೂ ನನ್ನ ಫೈಲ್ ಹೋಯ್ತು ಅಂತ ಬಂದ್ರೆ ನಾನೇನು ಹೇಳ್ಲಿ" ಅಂದ್ರು. ಈ ಮಾತು ನಂಗೆ ತುಂಬಾ ಹಿಡಿಸ್ತು. ನಮ್ಮ ಡೇಟಾ ಕಾಪಾಡೋದು ಅಂದ್ರೆ ಅಂಗಡಿಯವರನ್ನ ಅವಮಾನ ಮಾಡೋದು ಅಂತ ಸಂಕೋಚ ಪಡ್ತಿದ್ದೆ, ಅದು ಅವರ ಮೇಲಿನ ಭಾರಾನೂ ಇಳಿಸತ್ತೆ ಅಂತ ಗೊತ್ತಾಯ್ತು.

ನಾನು ಅಲ್ಲಿ ಕೂತಿದ್ದಾಗಲೇ ವಯಸ್ಸಾದವರೊಬ್ರು ಡೆಸ್ಕ್‌ಟಾಪ್ ಸ್ಲೋ ಅಂತ ಸಿಪಿಯು ಆಟೋದಲ್ಲಿ ತಂದಿದ್ರು. ಅದು ವಿಂಡೋಸ್‌ದೇ ತೊಂದರೆ, ಅಲ್ಲಿ ಡಿಸ್ಕ್ ಬಿಚ್ಚಿ ಕೊಟ್ರೆ ಕೆಲಸ ಆಗಲ್ಲ. ಓನರ್ "ಯಜಮಾನ್ರೇ, ನೀವೇ ಕೂತ್ಕೊಂಡು ಪಾಸ್‌ವರ್ಡ್ ಹಾಕಿ, ಅರ್ಧ ಗಂಟೆ ಇಲ್ಲೇ ಇರಿ, ನಿಮ್ಮ ಎದುರಿಗೇ ಮಾಡ್ತೀನಿ" ಅಂದು ಕುರ್ಚಿ ಕೊಟ್ರು. ಸಾಫ್ಟ್‌ವೇರ್ ಕೆಲಸಕ್ಕೆ ಇದಕ್ಕಿಂತ ಒಳ್ಳೇ ದಾರಿ ನಂಗೆ ಕಾಣಲ್ಲ. ಬಿಟ್ಟು ಹೋಗಲೇಬೇಕು ಅಂದ್ರೆ ಫೈಲ್‌ಗಳನ್ನ ಹೊರಗೆ ಕಾಪಿ ಮಾಡ್ಕೊಂಡು ವಿಂಡೋಸ್ ರೀಸೆಟ್‌ನಲ್ಲಿ ಎಲ್ಲ ತೆಗಿ ಅನ್ನೋದು ಕೊಟ್ಟು, ಡ್ರೈವ್ ಕ್ಲೀನ್ ಮಾಡೋ ಆಯ್ಕೆನೂ ಆನ್ ಮಾಡಿ ಖಾಲಿ ಮೆಷಿನ್ ಕೊಡಬೇಕು. ಡಿಸ್ಕೇ ಕೆಟ್ಟು ಅದರಿಂದ ಡೇಟಾ ತೆಗೀಬೇಕು ಅನ್ನೋ ಸ್ಥಿತಿ ಬಂದ್ರೆ ಮಾತ್ರ ಬೇರೆ ದಾರಿ ಇಲ್ಲ, ಅಲ್ಲಿ ಯಾರ ಕೈಗೆ ಕೊಡ್ತೀವಿ ಅನ್ನೋದೇ ಎಲ್ಲ. ಮ್ಯಾಕ್‌ಬುಕ್ ಈ ಅಂಗಡಿಯವರು ತಗೊಳಲ್ಲ, ಈಗಿನ ಮ್ಯಾಕ್‌ಬುಕ್‌ಗಳಲ್ಲಿ ಸ್ಟೋರೇಜ್ ಬೋರ್ಡ್‌ಗೇ ಬೆಸುಗೆ ಹಾಕಿರತ್ತೆ, ಬಿಚ್ಚೋ ಮಾತೇ ಇಲ್ಲ, ಮ್ಯಾಕ್‌ಬುಕ್ ಇರೋರು ಫೈಲ್‌ವಾಲ್ಟ್ (ಮ್ಯಾಕ್‌ನ ಎನ್‌ಕ್ರಿಪ್ಷನ್) ಆನ್ ಮಾಡಿಟ್ಕೋಬೇಕು.

ನನ್ನ ಫೋನು ಸ್ಯಾಮ್‌ಸಂಗ್, ಅದರಲ್ಲಿ ಮೇಂಟೆನೆನ್ಸ್ ಮೋಡ್ ಅಂತ ಇದೆ, ಆನ್ ಮಾಡಿ ಕೊಟ್ರೆ ರಿಪೇರಿಯವರಿಗೆ ಫೋನ್ ಕೆಲಸ ಮಾಡತ್ತೆ, ನಮ್ಮ ಫೋಟೋ ಮೆಸೇಜ್ ಏನೂ ಕಾಣಲ್ಲ, ಗೂಗಲ್ ಪಿಕ್ಸೆಲ್‌ಗೂ ರಿಪೇರ್ ಮೋಡ್ ಬಂದಿದೆ. ವಿಂಡೋಸ್ ಲ್ಯಾಪ್‌ಟಾಪ್‌ಗೂ ಅಂಥದ್ದೊಂದು ಬಟನ್ ಇದ್ದಿದ್ರೆ ನಾನು ಭಾನುವಾರ ಪೂರ್ತಿ ಕೂರಬೇಕಾಗಿರಲಿಲ್ಲ. ಎಲ್ಲರಿಗೂ ನನ್ನಷ್ಟು ಹೊತ್ತು ಕೂರೋಕೆ ಆಗತ್ತಾ? ನಮ್ಮಮ್ಮನಂಥವರು ಏನು ಮಾಡಬೇಕು?

ಈಗ ಈ ಅಂಗಡೀಲಿ ಸರಿ ಹೋಗದ್ದು. ತಡ ಆಗತ್ತೆ ಅಂತ ಅವರಾಗೇ ಫೋನ್ ಮಾಡಿ ಹೇಳಲಿಲ್ಲ, ನಾನೇ ಎರಡು ಸಲ ಮಾಡಿದೆ, ಪಾರ್ಟ್ ಬೆಂಗಳೂರಿಂದ ಬರಬೇಕಿತ್ತಂತೆ, ಮೊದಲೇ ಹೇಳಿದ್ರೆ ಬೇಜಾರಿರ್ತಿರಲಿಲ್ಲ. ನನ್ನ ಮಾಡೆಲ್‌ನಲ್ಲಿ ಕೀಬೋರ್ಡ್ ಮೇಲಿನ ಕವರ್‌ಗೇ ಅಂಟಿರೋದ್ರಿಂದ ಇಡೀ ಲ್ಯಾಪ್‌ಟಾಪ್ ಬಿಚ್ಚಬೇಕು ಅಂತ ದುಡ್ಡು ಮೊದಲು ಹೇಳಿದ್ದಕ್ಕಿಂತ 600 ಜಾಸ್ತಿ ಆಯ್ತು. ಇನ್ನೊಂದು, ವಾಪಸ್ ತರೋಕೆ ಹೋದಾಗ ಎಸ್‌ಎಸ್‌ಡಿ ನನ್ನ ಎದುರಿಗೇ ಹಾಕಿ ಆನ್ ಮಾಡಿದ್ರು, ನೀಲಿ ಸ್ಕ್ರೀನ್ ಬಂದು ಬಿಟ್‌ಲಾಕರ್ ಕೀ ಕೇಳ್ತು. ನಂಗೆ ಎದೆ ಧಸಕ್ ಅಂತು. ಅವರ ಟೆಸ್ಟಿಂಗ್ ಡ್ರೈವ್‌ಗೋಸ್ಕರ ಬಯೋಸಲ್ಲಿ (ವಿಂಡೋಸ್‌ಗಿಂತ ಮುಂಚೆ ಬರೋ ಸೆಟ್ಟಿಂಗ್ಸ್) ಸೆಕ್ಯೂರ್ ಬೂಟ್ ಅನ್ನೋ ಕಾವಲು ಆಫ್ ಮಾಡಿ ಮತ್ತೆ ಆನ್ ಮಾಡೋದು ಮರ್ತಿದ್ರು. ಅಲ್ಲಿನ ಹುಡುಗ ನೋಡಿದ ಕೂಡಲೇ ಗೊತ್ತಾಗಿ "ಸಾರಿ ಅಕ್ಕ, ನಂದೇ ತಪ್ಪು" ಅಂತ ಸರಿ ಮಾಡ್ದ, ಆಮೇಲೆ ಕೀ ಇಲ್ಲದೇನೇ ಆನ್ ಆಯ್ತು. ಆದ್ರೂ ಬೀರುನಿಂದ ತೆಗೆದು ತಂದಿದ್ದ ಆ 48 ಅಂಕಿಯ ಚೀಟಿ ನನ್ನ ಬ್ಯಾಗಲ್ಲಿ ಇತ್ತು ಅನ್ನೋ ಧೈರ್ಯಕ್ಕೇ ನಾನು ಅಲ್ಲಿ ನಿಂತಿದ್ದು. ಗೊತ್ತಿಲ್ಲದವರಾಗಿದ್ರೆ ಅಳು ಬಂದುಬಿಡ್ತಿತ್ತು, ಅಂಗಡಿಯವರು ಇದನ್ನ ಒಂದು ಪಟ್ಟಿ ಮಾಡಿ ಗೋಡೆಗೆ ಹಾಕ್ಕೊಂಡ್ರೆ ಒಳ್ಳೇದು.

ಇನ್ನೊಂದು ಬೇಡಿಕೆನೂ ಹೇಳಿ ಬಂದಿದೀನಿ. ಅವರು ಕೊಡೋ ರಸೀದಿಯಲ್ಲಿ "ಸ್ಟೋರೇಜ್ ಕಸ್ಟಮರ್ ಹತ್ರ ಇದೆ, ಪಾಸ್‌ವರ್ಡ್ ತಗೊಂಡಿಲ್ಲ" ಅಂತ ಒಂದು ಸಾಲು ಅಚ್ಚು ಹಾಕಿಸಿ ಅಂತ. ಈಗ ಪೆನ್ನಲ್ಲಿ ಬರ್ಕೊಡ್ತಾರೆ, ಅದೂ ಕೇಳಿದ್ರೆ ಮಾತ್ರ. ಡೇಟಾ ರಕ್ಷಣೆಗೆ ಅಂತ 2023ರಲ್ಲೇ ಡಿಪಿಡಿಪಿ ಕಾಯ್ದೆ ಪಾಸ್ ಆಗಿದೆ, ಐಟಿ ಕಾಯ್ದೆ 2000ದಿಂದಲೇ ಇದೆ, ಆದ್ರೆ ರಿಪೇರಿ ಕೌಂಟರಲ್ಲಿ ನಮ್ಮ ಕೈಲಿ ಒಂದು ಕಾಗದ ಇಲ್ಲ ಅಂದ್ರೆ ಯಾವ ಸ್ಟೇಷನ್‌ಗೆ ಹೋಗಿ ಏನು ತೋರಿಸ್ತೀವಿ, ಹಿಂದಿನ ಸಲ ನನ್ನ ಹತ್ರ ಇದ್ದಿದ್ದು ಬರೀ ರೀಸೆಂಟ್ ಲಿಸ್ಟಿನ ಒಂದು ಸ್ಕ್ರೀನ್‌ಶಾಟ್.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿದೀನಿ, ಒಂದು ಕಮ್ಮಿ ಮಾಡಿದ್ದು ಫೋನ್ ಮಾಡದೇ ಇದ್ದಿದ್ದಕ್ಕೆ ಮತ್ತೆ ಆ ನೀಲಿ ಸ್ಕ್ರೀನ್‌ಗೆ. ಹೋಗೋರು ಬೆಳಗ್ಗೆ ಹನ್ನೊಂದರ ಮೇಲೆ ಹೋಗಿ, ಓನರ್ ಇದ್ದಾಗಲೇ ಕೊಡಿ. ಎಸ್‌ಎಸ್‌ಡಿ ತೆಗೆದುಕೊಡಿ ಅಂತ ಬಾಯಿಬಿಟ್ಟು ಕೇಳಿ, ಅದಕ್ಕೆ ದುಡ್ಡು ತಗೊಳಲ್ಲ. ಮುಂದಿನ ವಾರ ಅಪ್ಪನ ಹಳೇ ಡೆಸ್ಕ್‌ಟಾಪ್‌ದು ಪವರ್ ಸಪ್ಲೈ ಸರಿ ಮಾಡಿಸೋಕೆ ಇಲ್ಲಿಗೇ ತಗೊಂಡು ಹೋಗ್ತೀನಿ, ಅದರ ಹಾರ್ಡ್ ಡಿಸ್ಕ್ ನಿನ್ನೆ ರಾತ್ರಿನೇ ನಾನೇ ಬಿಚ್ಚಿ ಬೀರುನಲ್ಲಿಟ್ಟೆ.